ಬಸಲಿಂಗ ಕಾಕಾನ ಗಾಳದ ಕೋಲು

ಹೊಸ ಗಾಳದ ಕೋಲು ಮಾಡಿದಾಗಲೆಲ್ಲ ನಮ್ಮ ಬಸಲಿಂಗ ಕಾಕಾ ಅದರ ದಾರದ ತುದಿಯನ್ನು ಟಾಂಗಾ ಹೊಡೆಯುವ ದಸ್ತಗೀರನ ಕೈಗೆ ಕೊಟ್ಟು, ಅವನನ್ನು ಮಲಪ್ರಭೆಗೆ ಇಳಿಸುತ್ತಿದ್ದ. ದಸ್ತಗೀರ ಎದೆಮಟ್ಟದ ನೀರಿನಲ್ಲಿ ಮೀನಿನ ಹಾಗೆ ಅತ್ತಿತ್ತ ಜಗ್ಗಬೇಕು. ಕಾಕಾ ದಂಡೆಯ ಮೇಲೆ ನಿಂತು ಕೋಲು ಎಷ್ಟು ಬಾಗುತ್ತದೆ, ಎಲ್ಲಿ ಸೋಲುತ್ತದೆ ಎಂದು ನೋಡಬೇಕು.

"ಲೇ ದಸ್ತಗೀರ, ನೀ ಮೀನ ಇದ್ದೀಯೋ ಎಮ್ಮಿ ಇದ್ದೀಯೋ? ಓಡಲೇ ಸ್ವಲ್ಪ."

"ಮೂಗಿನಾಗ ನೀರ ಹೊಕ್ಕೈತೋ ಮಾರಾಯಾ, ನಿನಗ ಕೋಲಿಂದ ಚಿಂತಿ" ಎಂದು ಅವನು ಕೆಮ್ಮುತ್ತ ಓಡುತ್ತಿದ್ದ.

ಹೀಗೆ ಮಾಡದೆ ಬೇರೆ ಉಪಾಯವಿರಲಿಲ್ಲ. ಕಾಕಾ ಕೊರಳಲ್ಲಿ ಲಿಂಗ ಕಟ್ಟಿಕೊಂಡವನು. ನಮ್ಮ ಮನೆತನದಲ್ಲಿ ಮೀನಿನ ಹೆಸರು ತೆಗೆದರೂ ಅಜ್ಜಿ ಬಾಯಿ ತೊಳೆದುಕೋ ಅನ್ನುತ್ತಿದ್ದಳು. ಆದರೆ ಬಿದಿರು ಮಾತ್ರ ಕಾಕಾ ಹೇಳಿದಂತೆ ಕೇಳುತ್ತಿತ್ತು. ಒಂದು ವರ್ಷ ಹೊಳೆದಂಡೆಯಲ್ಲಿ ಡೇರೆ ಹೊಡೆದಿದ್ದ ಇಂಗ್ರೇಜಿ ಸರಕಾರದ ಪ್ರಾಂತ ಸಾಹೇಬನ ಗಾಳದ ಕೋಲು ಮುರಿಯಿತು. ಕಾಕಾ ರೇಷ್ಮೆ ದಾರ ಬಿಗಿದು, ಅರಗು ಹಚ್ಚಿ ಸರಿಮಾಡಿ ಕೊಟ್ಟ. ಅಲ್ಲಿಗೆ ಸಿಕ್ಕಿಬಿದ್ದ. ಸಾಹೇಬರನ್ನು ಖುಷಿಪಡಿಸಲು ನಮ್ಮೂರ ದೇಸಾಯರಿಗೆ ಹೊಸ ದಾರಿ ಸಿಕ್ಕಿತು. ಪ್ರತಿ ಚಳಿಗಾಲ ಹೊಸ ಕೋಲು ಬೇಕೆಂದು ವಾಡೆಯಿಂದ ಹೇಳಿಕೆ ಬರತೊಡಗಿತು. ಕಾಕಾ ಉಳುತ್ತಿದ್ದ ಹೊಲ ದೇಸಾಯರದು, ಮಲಗುತ್ತಿದ್ದ ಮನೆಯೂ ದೇಸಾಯರದು. ಒಲ್ಲೆ ಅನ್ನಲು ಬಾಯಿ ಎಲ್ಲಿಂದ ಬರಬೇಕು?

ಗಟ್ಟಿಯಾಗಲೆಂದು ಒಲೆಯ ಮೇಲಿನ ಅಟ್ಟದಲ್ಲಿ ಬಿದಿರಿಗೆ ಹೊಗೆ ಕೊಡುತ್ತಿದ್ದ. ಅವನ ಹೆಂಡತಿ, ನಮ್ಮ ಕಾಕು, ಗೊಣಗಿದರೆ "ನೋಡೂಣಂತ" ಅನ್ನುತ್ತಿದ್ದ. ಕೋಲು ತಡವಾದರೆ ಹೊಲ ಬದಲಿಸಿ ಕೊಡುವೆನೆಂದು ದೇಸಾಯರು ಹೆದರಿಸಿದರೂ "ನೋಡೂಣಂತ್ರಿ." ನನಗೆ ಈ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ಬೈಲಹೊಂಗಲದಲ್ಲಿ ಸಾಲಿ ಮಾಸ್ತರನಾಗಿದ್ದ ನನಗೆ ಎಲ್ಲರಿಗೂ ಬುದ್ಧಿ ಹೇಳುವ ಚಟ ಬೇರೆ.

ಕಾಕಾನ ಮಗಳು ಗಂಗವ್ವನಿಗೆ ಬೈಲಹೊಂಗಲದ ಗಂಡು ಗೊತ್ತುಮಾಡಿದವನೂ ನಾನೇ. ಲಗ್ನಕ್ಕೆ ಮುಂಚೆ, ಆ ಚಳಿಗಾಲದಲ್ಲಿ ಬಂದ ಹೊಸ ಸಾಹೇಬ ಕೋಲನ್ನು ತಿರುಗಿಸಿ ನೋಡಿ, ಮಾಡಿದವನೇ ಮೊದಲು ಮೀನು ಹಿಡಿದು ತೋರಿಸಲಿ ಎಂದ. ದಸ್ತಗೀರನ ಕೈಗೆ ದಾರ ಕೊಟ್ಟು ಜಗ್ಗಿಸಿದ್ದು ಅವನಿಗೆ ಲೆಕ್ಕಕ್ಕಿಲ್ಲ. ದಂಡೆಯ ಮೇಲೆ ಊರೆಲ್ಲ ನೆರೆದಿತ್ತು, ರಜೆಗೆ ಬಂದಿದ್ದ ನಾನೂ ಇದ್ದೆ.

"ಸಾಹೇಬ್ರು ನೋಡಾಕ ಹತ್ಯಾರ. ಹಾಕ ಬಸ್ಯಾ" ಎಂದರು ದೇಸಾಯರು.

ಕಾಕಾ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

ಜವಾರಿ ಜೋಳದ ಹಿಟ್ಟಿನ ಉಂಡೆ ಸಿಕ್ಕಿಸಿದ್ದ ಕೊಕ್ಕೆ ನೀರಿಗೆ ಬಿತ್ತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಬೆಂಡು ಗಬಕ್ಕನೆ ಮುಳುಗಿತು. ಕೋಲು ಕುಡಗೋಲಿನಂತೆ ಬಾಗಿತು. ಕಾಕಾ ದಾರ ಬಿಟ್ಟ, ಎಳೆದ, ಮತ್ತೆ ಬಿಟ್ಟ. ಮೊಣಕಾಲ ತನಕ ನೀರಿಗಿಳಿದದ್ದು ಅವನಿಗೇ ತಿಳಿಯಲಿಲ್ಲ. ದೇಸಾಯರು ಏನೋ ಕೂಗಿದರು, ಅವನು ತಿರುಗಿಯೂ ನೋಡಲಿಲ್ಲ. ಕಾಕಾನ ಅಂಥ ಮುಖವನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ. ತೋಳುದ್ದದ ಮೀನು ದಂಡೆಗೆ ಬಂದಾಗ "ಬಿಟ್ಟಬಿಡೋ ದಸ್ತಗೀರ ಅದನ್ನ" ಎಂದ. ದಸ್ತಗೀರ ಕೊಕ್ಕೆ ಬಿಡಿಸಿ ಮೀನನ್ನು ನೀರಿಗೆ ಬಿಟ್ಟ. ಸಾಹೇಬ ನಕ್ಕು ಚಪ್ಪಾಳೆ ತಟ್ಟಿದ.

ವಾರದೊಳಗೆ ಬೈಲಹೊಂಗಲದಿಂದ ಹೇಳಿಕೆ ಬಂತು: ಗಾಳ ಹಾಕಿದವನ ಮನೆಯ ಹೆಣ್ಣು ಬೇಡ. ನಾನು ಮಠದ ಅಯ್ಯನವರ ಕಾಲು ಹಿಡಿದೆ. ಎರಡೂ ಊರಿನ ಹಿರಿಯರ ಮುಂದೆ, 'ಸಾಹೇಬನ ಅಂಜಿಕೆಯಿಂದ ಮಾಡಿದೆ, ಮನಸ್ಸಿರಲಿಲ್ಲ' ಎಂದು ಬಸಲಿಂಗ ಹೇಳಿ ವಿಭೂತಿ ತೆಗೆದುಕೊಂಡರೆ ಆಯಿತು ಎಂದರು ಅಯ್ಯನವರು. ಇಷ್ಟು ಸುಲಭವೇ ಎಂದು ನಾನು ಓಡಿ ಬಂದೆ. ಕಾಕಾ ಎರಡು ದಿನ ಉಣ್ಣಲಿಲ್ಲ.

"ಅದು ಸುಳ್ಳಾಕ್ಕೈತಿ ತಮ್ಮಾ."

"ಖರೇ ಕಟಗೊಂಡ ಏನ ಮಾಡಾಂವ ಕಾಕಾ? ಒಂದ ಮಾತು. ಗಂಗವ್ವನ ಮುಖಾ ನೋಡಿ ಹೇಳ."

ಹೇಳಿದ. ನಾನು ಬಾಯಿಪಾಠ ಮಾಡಿಸಿದ್ದ ಹಾಗೆಯೇ, ಒಂದಕ್ಷರ ಬಿಡದೆ ಹೇಳಿದ. ಇನ್ನೆಂದೂ ಕೋಲು ಮುಟ್ಟುವುದಿಲ್ಲ ಎಂದು ಆಣೆಯನ್ನೂ ಮಾಡಿದ. ಲಗ್ನ ಚೆನ್ನಾಗಿ ಆಯಿತು. ಕೋಲು ಬರುವುದು ನಿಂತಿತೆಂದು ದೇಸಾಯರು ಹೊಳೆಯ ಹೊಲ ಕಿತ್ತುಕೊಂಡು ಕಲ್ಲುಹೊಲ ಕೊಟ್ಟರು. ಆಮೇಲೆ ಕಾಕಾ ಎತ್ತಿನ ಬಾರುಕೋಲನ್ನೂ ಬೇರೆಯವರ ಕೈಯಿಂದ ಮಾಡಿಸುತ್ತಿದ್ದ. ನಾನು ಮಾತ್ರ ಊರೆಲ್ಲ ನನ್ನ ಜಾಣತನ ಹೇಳಿಕೊಂಡು ತಿರುಗಿದೆ.

ಊರಿಗೆ ಜ್ವರ ಹೊಕ್ಕ ವರ್ಷ ಅವನು ಹಾಸಿಗೆ ಹಿಡಿದನೆಂದು ಕೇಳಿ ಹೋದೆ. ಕಂಬಳಿಯ ಮೇಲೆ ಮಲಗಿದ್ದ. ಕಾಕುವನ್ನು ನೀರಿಗೆ ಕಳಿಸಿ, ನನ್ನನ್ನು ಹತ್ತಿರ ಕರೆದ.

"ತಮ್ಮಾ, ಆ ಮೀನ ಎಳಿಯೂ ಮುಂದ ನನಗ ಮನಸ್ಸಿತ್ತು. ಭಾಳ ಇತ್ತು. ದೇಸಾಯರು ಇರಲಿಲ್ಲ, ಸಾಹೇಬ ಇರಲಿಲ್ಲ, ಯಾರೂ ಇರಲಿಲ್ಲ. ಜಲ್ಮದಾಗ ಅದೊಂದ ಗಳಿಗಿ ನಂದಿತ್ತು. ಅದನ್ನ ನಂದಲ್ಲಂತ ಮಂದಿ ಮುಂದ ಹೇಳಿಸಿದಿ ನೀ."

ಸಿಟ್ಟು ಮಾಡಿಯಾದರೂ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. "ಉಂಡ ಹೋಗ, ರೊಟ್ಟಿ ಅದಾವು" ಎಂದು ಅವನೇ ಮಗ್ಗಲು ಬದಲಿಸಿದ. ಮೂರನೆಯ ದಿನ ಹೋಗಿಬಿಟ್ಟ.

ಮಣ್ಣಿಗೆ ಬಂದ ಗಂಗವ್ವ ಅತ್ತು ಸುಸ್ತಾದ ಮೇಲೆ ನನ್ನ ಪಕ್ಕ ಬಂದು ಕುಳಿತಳು. ಮೊಲೆಗೂಸು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು.

"ಅಣ್ಣಾ, ಅಪ್ಪ ಕಡೀಕ ನಿಮಗೇನರ ಹೇಳಿದ್ನೇನ್ರಿ?"

"ಏನೂ ಹೇಳಲಿಲ್ಲವ್ವಾ" ಎಂದೆ.