ಬಾಣಂತಿ ಕೋಣೆಗೆ ಬಂದ ಹಗಲು

2023ರ ಸೆಪ್ಟೆಂಬರ್ ತಿಂಗಳು. ಆಗ ನನಗೆ ಐವತ್ತೆರಡು ವರ್ಷ. ಹೆಂಡತಿ ತೀರಿಕೊಂಡು ವರ್ಷ ತುಂಬಿರಲಿಲ್ಲ. ಸವಣೂರಿಗೆ ಕೊಟ್ಟ ಮಗಳು ಗೀತಾ ಚೊಚ್ಚಲ ಹೆರಿಗೆಗೆಂದು ಹಾನಗಲ್ಲಿನ ನಮ್ಮ ಮನೆಗೆ ಬಂದು ಹೆಣ್ಣುಮಗುವನ್ನು ಹೆತ್ತಿದ್ದಳು. ಬಾಣಂತನಕ್ಕೆ ಹಿರೇಕೆರೂರಿನಿಂದ ನನ್ನ ಅಕ್ಕ ಬಂದಿದ್ದಳು.

ಬಂದ ದಿನವೇ ಅಕ್ಕ ಬಾಣಂತಿ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿದಳು. ಹಗಲೆಲ್ಲ ಅಲ್ಲಿ ಗವ್ವೆನ್ನುವ ಕತ್ತಲೆ. ಸಂಜೆಯಾದರೆ, ಹಸುಗೂಸು ಬೆಚ್ಚಬಾರದೆಂದು, ಬೆಳಗಿನವರೆಗೂ ದೊಡ್ಡ ಬಲ್ಬು. ಗಂಡಸರು ಒಳಗೆ ಹೋಗುವ ವಾಡಿಕೆಯಿಲ್ಲ. ಆದ್ದರಿಂದ ಮೊಮ್ಮಗಳು ನನ್ನ ಪಾಲಿಗೆ ಬಾಗಿಲ ಪರದೆಯಾಚೆಯ ಧ್ವನಿ ಮಾತ್ರವಾಗಿದ್ದಳು. ಹಗಲು ನಿದ್ರಿಸಿ ಇರುಳೆಲ್ಲ ಅಳುತ್ತಿದ್ದಳು.

ಒಂದು ಬೆಳಗ್ಗೆ ಪರದೆಯ ಹಿಂದಿನಿಂದ ಗೀತಾ, "ಅಪ್ಪಾ, ಈ ಕೂಸಿನ್ನ ಯಾರಿಗಾರ ಕೊಟ್ಟುಬಿಡು" ಎಂದಳು. ಅವಳು ಅಳುತ್ತಿರಲಿಲ್ಲ, ಅದೇ ನನ್ನನ್ನು ಹೆದರಿಸಿತು. ಇಂಥ ಮಾತಿಗೆ ಏನು ಹೇಳಬೇಕೆಂಬುದು ನನ್ನ ಹೆಂಡತಿಗೆ ತಿಳಿದಿರುತ್ತಿತ್ತು.

ಅಂದೇ ಇಬ್ಬರನ್ನೂ ವೈದ್ಯೆಯೊಬ್ಬರ ಬಳಿಗೆ ಕರೆದೊಯ್ದೆ. ಅವರು ಎಲ್ಲವನ್ನೂ ವಿಚಾರಿಸಿ ಹೇಳಿದರು: "ಕೂಸಿನ ತಪ್ಪಲ್ಲರಿ. ರಾತ್ರಿ ಆತು, ಮಲಕೊ ಅಂತ ಮೈಗೆ ಹೇಳೂದು ಮೆಲಟೋನಿನ್. ಅದು ಕೂಸಿನ ಮೈಯಾಗ ಸರಿಯಾಗಿ ತಯಾರಾಗಾಕ ಎರಡು-ಮೂರು ತಿಂಗಳು ಬೇಕು. ಅಲ್ಲೀತನಕ ತಾಯಿಯ ರಾತ್ರಿ ಹಾಲಿನಾಗ ಒಂದಿಷ್ಟು ಸಿಗತೈತಿ. ನೀವು ಹಗಲು ಕತ್ತಲಿ ಮಾಡಿ, ರಾತ್ರಿ ಲೈಟ್ ಹಚ್ಚಿಟ್ರ, ಹಗಲು ಯಾವುದು ಅಂತ ಅದು ಹೆಂಗ ಕಲೀಬೇಕು? ಮತ್ತ ಈಕಿಗೂ ನಿದ್ದಿ ಬೇಕ್ರಿ. ಒಬ್ಬಾಕಿನ್ನ ಬಿಡಬ್ಯಾಡ್ರಿ."

ಮನೆಗೆ ಬಂದವನೇ ಒಳಹೊಕ್ಕು ಕಂಬಳಿಯನ್ನು ಬಿಚ್ಚಿದೆ. ಮೊಮ್ಮಗಳ ಮುಖವನ್ನು ನಮ್ಮ ಮನೆಯ ಬೆಳಕಿನಲ್ಲಿ ಆಗಲೇ ಮೊದಲು ಕಂಡೆ.

"ನಾಕು ಹಡದು ಬೆಳೆಸೇನಿ ನಾನು" ಎಂದಳು ಅಕ್ಕ. "ಗಂಡಸಾಗಿ ಈ ಖೋಲಿಗೆ ಬಂದಿ ಅಂದಮ್ಯಾಲೆ ಬಾಣಂತನಾನೂ ನೀನ ಮಾಡು, ತಮ್ಮಾ."

"ಹಂಗಲ್ಲಕ್ಕಾ, ಡಾಕ್ಟರ್ ಹೇಳ್ಯಾರ."

"ಹಂಗಾರ ತಾಯಿ-ಕೂಸಿಗೆ ನೀರು ಎರಿಯಾಕೂ ಅವರನ್ನ ಕರಕೊಂಡು ಬಾ."

ಸಂಜೆಯ ಬಸ್ಸಿಗೆ ಅವಳು ಹೊರಟುಹೋದಳು.

ಅಂದಿನಿಂದ ಅಡುಗೆ ನನ್ನದು. ಹಗಲು ಕಿಟಕಿಯ ಬಳಿ ಮಗುವನ್ನು ಎತ್ತಿಕೊಂಡು ಕೂರುವುದೂ ನನ್ನದು. ಆ ಹೊತ್ತಿನಲ್ಲಿ ಗೀತಾ ಮಲಗುತ್ತಿದ್ದಳು. ಸಂಜೆ ಬಲ್ಬು ಆರಿಸುತ್ತಿದ್ದೆವು. ವಾರಗಳು ಕಳೆದರೂ ಅಳು ನಿಲ್ಲಲಿಲ್ಲ. ಗೀತಾ ಹೆಚ್ಚು ಮಾತನಾಡುತ್ತಿರಲಿಲ್ಲ. ಅಕ್ಕ ಫೋನ್ ಎತ್ತುತ್ತಿರಲಿಲ್ಲ. ಅಕ್ಕನನ್ನು ಕಳೆದುಕೊಂಡು ಮಗಳನ್ನೂ ಉಳಿಸಿಕೊಳ್ಳಲಾರೆನೇನೋ ಎಂಬ ಭಯ ನನ್ನನ್ನು ಕಾಡುತ್ತಿತ್ತು. ಅದನ್ನು ಯಾರಲ್ಲಿಯೂ ಹೇಳಿಕೊಳ್ಳುವಂತಿರಲಿಲ್ಲ.

ಅಳು ಸ್ವಲ್ಪಸ್ವಲ್ಪವಾಗಿ ಕಡಿಮೆಯಾಯಿತು. ಒಂದು ದಿನ ಬಿಸಿಲೇರಿದ ಮೇಲೆ ಗೀತಾ ಮಗುವಿನೊಂದಿಗೆ ಹೊರಗೆ ಬಂದಳು.

"ಅಪ್ಪಾ, ರಾತ್ರಿ ಒಮ್ಮಿ ಅಷ್ಟ ಎದ್ದಿದ್ಲು. ಹಾಲು ಕುಡದು ಮತ್ತ ಮಲಕೊಂಡ್ಲು. ನನ್ನ ಮಗಳು ಶ್ಯಾಣ್ಯಾಕಿ ಅದಾಳ."

"ನನ್ನ ಮಗಳು" ಎಂದು ಅವಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕೂಡಲೇ ಅಕ್ಕನಿಗೆ ಫೋನ್ ಮಾಡಿದೆ, ಅವಳು ಎತ್ತಲಿಲ್ಲ. ಗೀತಾಳ ಆ ಮಾತನ್ನು ಇಂದಿಗೂ ನಾನೊಬ್ಬನೇ ನೆನೆದುಕೊಳ್ಳುತ್ತೇನೆ. ಅಂದು 2023ರ ಡಿಸೆಂಬರ್ 3, ಭಾನುವಾರ.