ಒಂದು ಎಲೆಯ ಕರಾರು

ನನ್ನ ದೊಡ್ಡ ಮಗಳ ಕುತ್ತಿಗೆಯ ಹಿಂದೆ ಅಂಗೈಯಗಲದ ಒಂದು ಕಲೆ ಇದೆ. ಕೇಳಿದವರಿಗೆ ಚಿಕ್ಕಂದಿನಲ್ಲಿ ಹುಣ್ಣಾಗಿತ್ತು ಅಂತ ಹೇಳಿಕೊಂಡು ಬಂದಿದ್ದೇನೆ. ಮೈಯೆಲ್ಲ ವಾಸಿಯಾಗಿ ಅದೊಂದು ಯಾಕೆ ಉಳಿಯಿತು ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೈಯಬೇಕಾದವರು ಈಗ ಯಾರೂ ಉಳಿದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಯುದ್ಧದ ಕಾಲ ಅದು. ನಾವು ಹೊಳಲಿನವರು. ಮಗಳಿಗೆ ಐದು ವರ್ಷ, ಮಗನಿಗೆ ಮೂರು, ಇನ್ನೊಂದು ಮೊಲೆ ಕೂಸು. ಮಗಳಿಗೆ ಮೊದಲು ಮೊಣಕೈ ಸಂದಿಯಲ್ಲಿ ಕಜ್ಜಿಯ ಹಾಗೆ ಎದ್ದಿತು. ಎರಡು ತಿಂಗಳಲ್ಲಿ ಕುತ್ತಿಗೆ, ಸೊಂಟ, ತೊಡೆ ಎಲ್ಲ ಹಬ್ಬಿತು. ಕೆರೆದುಕೊಂಡು ಕೀವು ಸೋರುತ್ತಿತ್ತು. ಲಂಗ ಮೈಗೆ ಅಂಟಿಕೊಳ್ಳುತ್ತಿತ್ತು, ನೀರು ಹಾಕಿ ನೆನೆಸಿ ಬಿಡಿಸಬೇಕಾಗಿತ್ತು. ಬೇವಿನ ಸೊಪ್ಪು ಅರೆದು ಹಚ್ಚಿದೆ, ಹೊಂಗೆ ಎಣ್ಣೆ ಹಚ್ಚಿದೆ, ಮಂಡ್ಯದ ಆಸ್ಪತ್ರೆಯಲ್ಲಿ ಕೊಟ್ಟ ಮುಲಾಮು ಡಬ್ಬಿ ಬಳಿದು ಹಚ್ಚಿದೆ. ಕಡೆಗೆ ನನ್ನ ಅತ್ತೆ, ಮದ್ದೂರಿನ ಹತ್ತಿರದ ವೈದ್ಯನಾಥಪುರದ ಗುಡಿಗೆ ಕರೆದುಕೊಂಡು ಹೋಗಿ ಒಂದು ಮಂಡಲ ಇರು ಅಂದರು. ನಲವತ್ತೆಂಟು ದಿನ ಬೆಳಿಗ್ಗೆ ಹೊಳೆಯಲ್ಲಿ ಮೀಯಿಸಿ, ಒದ್ದೆ ಬಟ್ಟೆಯಲ್ಲಿ ಗುಡಿ ಸುತ್ತಿಸಿ, ಅಲ್ಲಿ ಕೊಡುವ ಮಣ್ಣನ್ನು ಮೈಗೆ ಹಚ್ಚಬೇಕು. ಚರ್ಮದ ಕಾಯಿಲೆಯವರು ಆಗೆಲ್ಲ ಅಲ್ಲಿಗೇ ಹೋಗುತ್ತಿದ್ದರು.

ಸರ್ಕಾರಕ್ಕೆ ಲೆವಿ ಧಾನ್ಯ ಅಳೆದುಕೊಟ್ಟ ಮೇಲೆ ಮನೆಯಲ್ಲಿ ಮೂರು ಮೂಟೆ ರಾಗಿ ಉಳಿದಿತ್ತು. ಅದರಲ್ಲಿ ಒಂದನ್ನು ಅತ್ತೆ ಗಾಡಿಗೆ ಹಾಕಿಸಿದರು. “ಇದ್ ಮುಗಿಯೋದ್ರೊಳ್ಗೆ ವಾಸಿ ಮಾಡ್ಕೊಂಡ್ ಬಾ. ಇನ್ನೊಂದ್ ಮೂಟೆ ಕನಸ್ನಾಗೂ ಕೇಳ್ಬ್ಯಾಡ” ಅಂದರು. ಕೆಟ್ಟ ಹೆಂಗಸಲ್ಲ ಅವರು. ಮನೆಯಲ್ಲಿ ಇನ್ನೂ ಒಂಬತ್ತು ಬಾಯಿ ಇದ್ದವು.

ಗುಡಿಯ ಹತ್ತಿರ ನಮ್ಮ ಪೈಕಿಯ ಒಬ್ಬ ವಿಧವೆ ಇದ್ದಳು. ಮಂಡಲಕ್ಕೆ ಬಂದವರನ್ನು ಜಗಲಿಯಲ್ಲಿ ಮಲಗಿಸಿಕೊಂಡು, ರಾಗಿ ಮುಂಗಡ ಇಸಿದುಕೊಂಡು ಊಟ ಹಾಕುತ್ತಿದ್ದಳು. ಮೈ ಹುಣ್ಣಿನವರಿಗೆ ಅವಳು ಗಂಗಳ ಕೊಡುತ್ತಿರಲಿಲ್ಲ. ಮುತ್ತುಗದ ಎಲೆ, ಸಾರಿಗೆ ಒಂದು ತೆಂಗಿನ ಚಿಪ್ಪು, ಅಷ್ಟೆ. ನನ್ನ ಗಂಡ ಗಾಡಿಯಿಂದ ಮೂಟೆ ಇಳಿಸುವ ಮೊದಲೇ ಅವಳು ಮಾತು ಮುಗಿಸಿದಳು.

“ಒಂದೆಲೆ. ದಿನಕ್ಕೆ ಎರಡೊತ್ತು. ಒತ್ತಿಗೊಂದ್ ಮುದ್ದೆ. ಸಾರು ಎಷ್ಟಾರ ಉಯ್ಸಿಕೊ.”

“ಮಕ್ಳು?” ಅಂದರು ನನ್ನ ಗಂಡ.

“ಅವ್ವನ ಎಲೇಲಿ ಉಂಡ್ರೆ ನಾನ್ ಕೇಳಕಿಲ್ಲ. ಬ್ಯಾರೆ ಎಲೆ ಅಂದ್ರೆ ಬ್ಯಾರೆ ಮೂಟೆ.”

“ಮದ್ಯದಾಗೆ ಬುಟ್ಟು ಬಂದ್ರೆ?”

“ಬುಟ್ಟೋಗ್ಲಿ. ಇಳ್ಸಿದ್ ರಾಗಿ ತಿರ್ಗಾ ಗಾಡಿ ಅತ್ತಕಿಲ್ಲ.”

ಅದು ಕಬ್ಬು ಕಡಿಯುವ ಕಾಲ. ಮಂಡ್ಯದ ಕಾರ್ಖಾನೆಗೆ ಗಾಡಿ ಹೊಡೆಯಬೇಕು, ನಿಲ್ಲುವ ಹಾಗಿಲ್ಲ. ನನ್ನ ಗಂಡ ನಮ್ಮನ್ನೂ ಮೂಟೆಯನ್ನೂ ಇಳಿಸಿ ಮದ್ದೂರಿನ ಕಡೆಗೆ ಎತ್ತು ತಿರುಗಿಸಿದರು. ಇನ್ನು ಮಂಡಲ ಮುಗಿದ ದಿನವೇ ಬರುವುದು ಅಂತ ಮಾತಾಗಿತ್ತು.

ಒಂದು ಎಲೆಯಲ್ಲಿ ಮೂರು ಹೊಟ್ಟೆ ತುಂಬಿಸುವುದು ಹೇಗೆ ಅಂತ ನಾಲ್ಕು ದಿನದಲ್ಲಿ ಕಲಿತೆ. ಮೊದಲ ಪಂಕ್ತಿಯಲ್ಲಿ ಕೂರಬಾರದು. ಹುರುಳಿ ಸಾರಿನ ಕಾಳೆಲ್ಲ ಮಡಕೆಯ ಅಡಿಯಲ್ಲಿ ಕೂತಿರುತ್ತದೆ, ಮೊದಲು ಕೂತವರಿಗೆ ಬರೀ ನೀರು. ಕಡೆಗೆ ಕೂತರೆ ಸೌಟಿನಲ್ಲಿ ಕಾಳು ಬರುತ್ತದೆ. ಮಕ್ಕಳಿಗೆ ಮುದ್ದೆ ಕೊಡುವ ಮೊದಲು ಎರಡೆರಡು ಚಿಪ್ಪು ಸಾರು ಕುಡಿಸಬೇಕು. ಮುದ್ದೆಯನ್ನು ಕೈಗೆ ಕೊಡಬಾರದು, ಗುಳಿಗೆಯಷ್ಟು ಗುಳಿಗೆಯಷ್ಟು ಮುರಿದು ನಾನೇ ಬಾಯಿಗೆ ಹಾಕಬೇಕು, ಆಗ ನಿಧಾನಕ್ಕೆ ಇಳಿಯುತ್ತದೆ. ಮಗಳ ಕೈ ಹುಣ್ಣಾಗಿದ್ದರಿಂದ ಅವಳನ್ನು ಎಲೆಯ ಒಂದು ಮೂಲೆಗೆ ಕೂರಿಸುತ್ತಿದ್ದೆ.

ಪಕ್ಕದಲ್ಲಿ ಬಂಡೂರಿನ ಒಬ್ಬ ಮುದುಕ ಕೂರುತ್ತಿದ್ದ. ಕುರಿ ಸಾಕುವವನು, ಕಾಲೆಲ್ಲ ಇಸಬು. ನಾನು ಐದನೇ ಸಲ ಸಾರು ಕೇಳಿದಾಗ ಅಂದ, “ಏನಮ್ಮಿ, ಒಳೆ ನೀರು ಸಾಲ್ದೆ ಓಯ್ತಾ?”

“ನಿನ್ ಕುರಿ ಎಷ್ಟ್ ನೀರ್ ಕುಡಿತಾವೆ ಅಂತ ನಾನ್ ಕೇಳ್ದ್ನಾ?” ಅಂದೆ.

“ಕುಡಿಲಿ ಬುಡಪ್ಪ, ಮಡಕೆ ನಂದು” ಅಂತ ಆ ಹೆಂಗಸು ನಕ್ಕಳು. ಆ ವಾರ ಅವಳು ನಗುತ್ತಿದ್ದಳು.

ಮಗಳ ಹುಣ್ಣು ಮಾತ್ರ ಒಂದು ವಾರವಾದರೂ ಒಣಗಲಿಲ್ಲ. ತಣ್ಣೀರಿಗೆ ಚರ್ಮ ಬಿರಿಯಿತು. ಹೊಳೆಗೆ ಇಳಿಸುವಾಗ ನನ್ನ ಸೆರಗು ಹಿಡಿದುಕೊಂಡು ಹಲ್ಲು ಕಚ್ಚುತ್ತಿದ್ದಳು, ಅಳುತ್ತಿರಲಿಲ್ಲ. ಎರಡನೇ ಸೋಮವಾರ ಗುಡಿ ಸುತ್ತುವಾಗ ಅವಳ ಹಿಮ್ಮಡಿಯಿಂದ ರಕ್ತ ಬಂದು ಕಲ್ಲಿನ ಮೇಲೆ ಹೆಜ್ಜೆ ಮೂಡಿತು. ಅಲ್ಲೇ ನಿಂತು ಹರಕೆ ಹೊತ್ತೆ. ಈ ಮಗು ವಾಸಿಯಾಗಲಿ, ಮಂಡಲ ಮುಗಿಯುವ ತನಕ ನಾನು ಒಪ್ಪೊತ್ತು ಇರುತ್ತೇನೆ ಅಂದೆ. ದಿನಕ್ಕೆ ಒಂದೇ ಊಟ.

ಭಕ್ತಿಯಿಂದಲೇ ಹೊತ್ತೆ ಅಂದರೆ ಸುಳ್ಳಾಗುತ್ತದೆ. ಸಂಜೆಯ ಮುದ್ದೆಯನ್ನು ನಾನು ಬಿಟ್ಟರೆ ಪೂರ್ತಿ ಮಕ್ಕಳಿಗೇ ಆಗುತ್ತದೆ ಎಂಬ ಲೆಕ್ಕವೂ ತಲೆಯಲ್ಲಿತ್ತು. ದೇವರಿಗೂ ಆಯಿತು, ಮಕ್ಕಳಿಗೂ ಆಯಿತು ಅಂದುಕೊಂಡೆ. ಬುದ್ಧಿವಂತಳು ನಾನು. ಮಧ್ಯಾಹ್ನ ಊಟಕ್ಕೆ ಕೂತಾಗ ಹರಕೆಯ ವಿಷಯ ಎಲ್ಲರೆದುರು ಬಾಯಿಬಿಟ್ಟು ಹೇಳಿಕೊಂಡೆ.

ಸೀಮೆಎಣ್ಣೆ ಸಿಗದ ಕಾಲ, ಬೆಳಕಿರುವಾಗಲೇ ಸಂಜೆ ಊಟ ಮುಗಿಯುತ್ತಿತ್ತು. ಅವತ್ತು ಸಂಜೆ ಕಡೇ ಪಂಕ್ತಿಗೆ ಮಕ್ಕಳನ್ನು ಕೂರಿಸಿದೆ. ಆ ಹೆಂಗಸು ಮುದುಕನಿಗೆ ಎಲೆ ಹಾಕಿದಳು. ನನ್ನ ಮುಂದೆ ಹಾಕಲಿಲ್ಲ.

“ಅಕ್ಕಾ, ಎಲೆ.”

“ಒಪ್ಪೊತ್ತು ಅಂದ್ಯಲ್ಲ.”

“ನಂಗಲ್ಲ, ಮಕ್ಳಿಗೆ.”

“ಮಕ್ಳಿಗೆ ಎಲ್ಲದೆ ಎಲೆ? ಎಲೆ ನಿಂದು. ನಿನ್ ಎಲೇಲಿ ಅವು ಉಣ್ತಾವೆ ಅಂತ ಮಾತು. ನೀನೇ ಉಣ್ಣಕಿಲ್ಲ ಅಂದ್ರೆ ಎಲೆ ಎಲ್ಲಿಂದ ಬತ್ತದೆ?”

“ರಾಗಿ ಕೊಟ್ಟಿವ್ನಿ.”

“ಕೊಟ್ಟಿದ್ದೀಯ. ದೇವ್ರಿಗೆ ಬುಟ್ಟಿದ್ದೂ ನೀನೇ. ಬುಟ್ಟಿದ್ನ ಬಡಿಸಿ ಆ ಪಾಪ ನಾನ್ ಯಾಕ್ ಕಟ್ಕೊಳ್ಲಿ?”

ಹಾಗಾದರೆ ಎಲೆ ಹಾಕು, ನಾನು ಸುಮ್ಮನೆ ಮುಂದೆ ಕೂತಿರುತ್ತೇನೆ, ಮಕ್ಕಳು ಉಣ್ಣಲಿ ಅಂದೆ. ಅವಳು ಸೌಟು ಕೆಳಗಿಟ್ಟಳು.

“ಎಲೆಯೋಳು ಉಣ್ದೆ ಎಲೆ ಮುಂದೆ ಕೂತ್ರೆ ಅದು ಎಡೆ ಕಣಮ್ಮಿ. ಸತ್ತೋರ್ಗೆ ಇಡೋದು. ಕೂಸ್ ಮಡ್ಲಲ್ಲಿಟ್ಕೊಂಡ್ ಅಂತಾ ಮಾತಾಡ್ಬ್ಯಾಡ.”

ಅವಳಿಗೆ ಒಂದು ಮುದ್ದೆ ಉಳಿಯಿತು, ಅದು ನಿಜ. ಆದರೆ ಅವಳು ಹೆದರಿದ್ದೂ ನಿಜ. ಬರೀ ಆಸೆಯಾಗಿದ್ದರೆ ಜಗಳವಾಡಿ ಗೆಲ್ಲುತ್ತಿದ್ದೆ. ಅವಳ ಮಾತು ನನಗೂ ಸರಿ ಅನ್ನಿಸಿಬಿಟ್ಟಿತು, ಅಲ್ಲಿ ಸೋತೆ.

ಆಮೇಲಿನ ದಿನಗಳನ್ನು ಹೇಗೆ ಹೇಳುವುದು. ಮಧ್ಯಾಹ್ನದ ಒಂದೇ ಮುದ್ದೆ ಎರಡು ಹೊತ್ತಿಗೆ, ಮೂರು ಜನಕ್ಕೆ. ಅರ್ಧವನ್ನು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದೆ. ಸಂಜೆ ಅದನ್ನು ನೀರಿಗೆ ಕಿವುಚಿ ಉಪ್ಪು ಹಾಕಿ ಮಕ್ಕಳಿಗೆ ಕುಡಿಸುತ್ತಿದ್ದೆ. ಹೊಲದ ಬದುವಿನಲ್ಲಿ ಅಣ್ಣೆ ಸೊಪ್ಪು ಕಿತ್ತು ತಂದರೆ ಬೇಯಿಸಲು ಒಲೆ ಅವಳದು. ಬೆಳಿಗ್ಗೆ ಅವಳ ರಾಗಿ ಬೀಸಿಕೊಟ್ಟೆ, ಅದಕ್ಕೆ ಮಕ್ಕಳಿಗೆ ಒಂದು ಚಿಪ್ಪು ಅಂಬಲಿ ಕೊಟ್ಟಳು. ಬೀಸುವಾಗ ಮೂಟೆಯ ಬಾಯಿಯ ಹೊಲಿಗೆ ನೋಡಿದೆ. ಅತ್ತೆ ಹೊಲಿದದ್ದು. ನಮ್ಮ ರಾಗಿಯನ್ನು ನಾನೇ ಬೀಸಿ ಅದರಲ್ಲಿ ಒಂದು ಚಿಪ್ಪು ಕೂಲಿ ತೆಗೆದುಕೊಂಡೆ.

ಊರಿಗೆ ಹೋಗಿಬಿಡೋಣ ಅಂದರೆ ರಾಗಿ ಹೋದಂತೆ, ಮಂಡಲವೂ ಕೆಟ್ಟಂತೆ. ಮಗಳ ಮೈ ಹಾಗೇ ಇತ್ತು. ಆರು ದಿನಕ್ಕೆ ನನ್ನ ಹಾಲು ಬತ್ತಿತು. ಕೂಸು ಬಾಯಿ ಹಾಕಿ ಎಳೆದು, ಬರದೆ ಹೋದಾಗ ತಲೆ ಹಿಂದಕ್ಕೆ ಚೆಲ್ಲಿ ಅಳುತ್ತಿತ್ತು. ಆಮೇಲೆ ಅಳುವುದನ್ನೂ ಬಿಟ್ಟಿತು. ಅದು ಇನ್ನೂ ಕೆಟ್ಟದ್ದು. ಮುದುಕ ಒಂದು ಸಂಜೆ ತನ್ನ ಮುದ್ದೆಯಲ್ಲಿ ತುಂಡು ಮುರಿದು ನನ್ನ ಮಗನ ಕಡೆ ಚಾಚಿದ. ಅವನ ಎಂಜಲೆಲೆಯದನ್ನು ಬೇಡ ಅಂದೆ. ಆಗಲೂ ನನಗೆ ಅಷ್ಟು ಸೊಕ್ಕಿತ್ತು.

ಎಂಟನೇ ದಿನ ಸಂಜೆ ಮಗ ಕಾಣಲಿಲ್ಲ. ಮಗಳನ್ನು ಕೇಳಿದರೆ ಮನೆಯ ಹಿಂದಕ್ಕೆ ಕೈ ತೋರಿಸಿದಳು. ಹಿತ್ತಿಲಲ್ಲಿ ಉಂಡ ಎಲೆ ಎಸೆಯುವ ಗುಂಡಿ. ಅಲ್ಲಿ ಕೂತಿದ್ದ. ಹುಣ್ಣಿನವರು ಉಂಡು ಬಿಸಾಡಿದ ಎಲೆಯನ್ನು ಎರಡು ಕೈಯಲ್ಲಿ ಹಿಡಿದು ನೆಕ್ಕುತ್ತಿದ್ದ. ಪಕ್ಕದಲ್ಲೇ ಒಂದು ನಾಯಿ ಇನ್ನೊಂದು ಎಲೆ ನೆಕ್ಕುತ್ತಿತ್ತು. ಎರಡಕ್ಕೂ ಜಗಳವಿರಲಿಲ್ಲ.

ಹೊಡೆಯಲಿಲ್ಲ. ಕೈ ತೊಳೆಸಿ ಎತ್ತಿಕೊಂಡು ಬಂದು ಪಂಕ್ತಿಯಲ್ಲಿ ಕೂತೆ. ಮಗಳನ್ನು ಒಂದು ಪಕ್ಕ, ಅವನನ್ನು ಒಂದು ಪಕ್ಕ ಕೂರಿಸಿಕೊಂಡೆ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡೆ.

“ಎಲೆ ಆಕು.”

“ನಿನ್ ಅರಕೆ?”

“ಉಣ್ತೀನಿ. ಆಕು.”

ಅವಳು ನನ್ನನ್ನು ನೋಡಲಿಲ್ಲ, ಮಗಳನ್ನು ನೋಡಿದಳು. “ಮುರುದ್ರೆ ಈ ಮಗೀಗೆ ಬತ್ತದೆ ಕಣಮ್ಮಿ. ಇನ್ನೊಂದ್ ಗಳ್ಗೆ ಯೋಚ್ನೆ ಮಾಡು.”

“ಎಂಟ್ ದಿನ ಮಾಡಿವ್ನಿ.”

ಮುದುಕ ತನ್ನ ಎಲೆಯನ್ನು ಸ್ವಲ್ಪ ಆಚೆಗೆ ಸರಿಸಿಕೊಂಡ. ನನ್ನಿಂದ ದೂರ ಕೂರಲೋ, ಜಾಗ ಬಿಡಲೋ, ಗೊತ್ತಿಲ್ಲ. ಅವಳು ಎಲೆ ಹಾಕಿ ಮುದ್ದೆ ಇಟ್ಟಳು. ಮೊದಲ ತುತ್ತನ್ನು ನಾನೇ ಉಂಡೆ. ಮಕ್ಕಳಿಗೆ ಹಾಕಿ ಆಮೇಲೆ ನಾನು ಉಂಡಿದ್ದರೆ ಅದು ಎಂಜಲು ತಿಂದ ಲೆಕ್ಕ, ಹರಕೆ ಮುರಿದಂತಲ್ಲ ಅಂತ ದೇವರ ಜೊತೆ ವಾದ ಮಾಡಬಹುದಿತ್ತು. ಅಂಥ ವಾದ ಬೇಡವಾಗಿತ್ತು. ಮುದ್ದೆ ಬಿಸಿಯಿತ್ತು, ನಾಲಿಗೆ ಸುಟ್ಟಿತು, ನುಂಗಿದೆ. ಆಮೇಲೆ ಮಕ್ಕಳಿಗೆ ಮುರಿದು ಹಾಕಿದೆ. ಕೇಳದೆಯೇ ಅವಳು ಮಡಕೆಯ ಅಡಿಯಿಂದ ಕಾಳು ತೋಡಿ ಬಡಿಸಿದಳು.

ಮಾರನೆಯ ಬೆಳಿಗ್ಗೆ ಗುಡಿಯಲ್ಲಿ ನಿಂತು, ಉಂಡೆ ಅಂತ ಹೇಳಿದೆ. ತಪ್ಪಾಯಿತು ಅನ್ನಲಿಲ್ಲ. ಏನಿದ್ದರೂ ನನ್ನ ಮೈಗೆ ಬರಲಿ ಅಂದೆ. ಆದರೆ ಹಾಗಾಗಲಿಲ್ಲ. ಅದರ ಮಾರನೆಯ ದಿನ ಮಗಳ ಕುತ್ತಿಗೆಯ ಹುಣ್ಣು ಬಾಯಿಬಿಟ್ಟಿತು. ಹೊಳೆಯಲ್ಲಿ ನೀರು ಹಾಕಿದರೆ ಕೆಂಪಗೆ ಹರಿಯಿತು. ಅವತ್ತು ಮಧ್ಯಾಹ್ನ ಎಲೆ ಮುಂದೆ ಕೂತು, ಉಣ್ಣಲೋ ಬೇಡವೋ ಅಂತ ಮುದ್ದೆ ನೋಡುತ್ತಿದ್ದೆ. ಮಗ ಬಾಯಿ ತೆರೆದುಕೊಂಡು ಕಾಯುತ್ತಿದ್ದ. ಉಂಡೆ. ಸಂಜೆಯೂ ಉಂಡೆ. ಪ್ರತಿ ತುತ್ತಿಗೂ ಮಗಳ ಕುತ್ತಿಗೆ ಕಡೆ ನೋಡುತ್ತಿದ್ದೆ. ಅಷ್ಟು ಹೆದರಿಕೊಂಡು ಜೀವಮಾನದಲ್ಲಿ ಊಟ ಮಾಡಿಲ್ಲ. ನಾಲ್ಕು ದಿನಕ್ಕೆ ಎದೆಯಲ್ಲಿ ಹಾಲು ತಿರುಗಿ ಬಂತು. ಕೂಸು ಮತ್ತೆ ಗಟ್ಟಿಯಾಗಿ ಅತ್ತಿತು. ಅದನ್ನು ಕೇಳಿ ಆ ಮುದುಕ, “ಬಂತಪ್ಪ ಮನ್ಸನ್ ಸಬ್ದ” ಅಂದ.

ಮೂವತ್ತು ದಿನ ಕಳೆದ ಮೇಲೆ ಮಗಳ ಕಾಲು ಒಣಗಿತು. ಆಮೇಲೆ ಸೊಂಟ, ಕೈ. ಹೊಟ್ಟು ಉದುರಿ ಒಳಗಿಂದ ಹೊಸ ಚರ್ಮ ಬಂತು, ಮಾವಿನ ಚಿಗುರಿನ ಬಣ್ಣ. ಕುತ್ತಿಗೆಯದು ಮಾತ್ರ ಹಠ ಹಿಡಿದು ಕಡೆಯವರೆಗೂ ಇತ್ತು.

ನನ್ನ ಗಂಡ ಗಾಡಿ ಕಟ್ಟಿಕೊಂಡು ಬಂದರು. ಮಗಳ ಕೈ ಎತ್ತಿ ತಿರುಗಿಸಿ ನೋಡಿದರು. ನಾನು ಒಪ್ಪೊತ್ತು ಹೊತ್ತ ಸುದ್ದಿ ಹೊಳೆಯಲ್ಲಿ ಮೀಯಲು ಬಂದವರಿಂದ ಊರಿನವರೆಗೂ ಹೋಗಿತ್ತಂತೆ.

“ಒಪ್ಪೊತ್ತು ಕಡೇ ಗಂಟ ನಡೀತಾ?” ಅಂದರು.

ಆ ಹೆಂಗಸು ಬಾಗಿಲಲ್ಲಿ ನಿಂತು ಖಾಲಿ ಚೀಲ ಮಡಿಸುತ್ತಿದ್ದಳು. ನಾನು ಅವಳನ್ನು ನೋಡಿದೆ. ಅವಳು ಚೀಲವನ್ನು ಇನ್ನೊಂದು ಮಡಿಕೆ ಮಡಿಸಿದಳು.

“ನಡೀತು” ಅಂದೆ.

“ನಿನ್ ಎಂಡ್ರು ಗಟ್ಟಿಗಿತ್ತಿ ಕಣಪ್ಪ” ಅಂತ ಹೇಳಿ ಅವಳು ಚೀಲವನ್ನು ಗಾಡಿಗೆ ಎಸೆದು ಒಳಗೆ ಹೋದಳು.

ಹೊಳಲಿನಲ್ಲಿ ನನ್ನ ಅತ್ತೆ ಸಾಯುವವರೆಗೂ, ನನ್ನ ಸೊಸೆ ಮಂಡಲ ಪೂರ್ತಿ ಒಪ್ಪೊತ್ತಿದ್ದು ಮಗು ಉಳಿಸಿಕೊಂಡಳು ಅಂತ ಹೇಳಿಕೊಂಡು ತಿರುಗಿದರು. ನಾನು ತಡೆಯಲಿಲ್ಲ. ಆ ಕಲೆ ನನ್ನ ತುತ್ತಿನಿಂದ ಉಳಿಯಿತೋ, ಹುಣ್ಣೇ ಅಂಥದ್ದೋ, ಇವತ್ತಿಗೂ ತೀರ್ಮಾನವಾಗಿಲ್ಲ. ಮಗಳ ತಲೆ ಬಾಚುವಾಗಲೆಲ್ಲ ಕಣ್ಣಿಗೆ ಬೀಳುತ್ತಿತ್ತು. ಬಾಚಿ ಜಡೆ ಹಾಕಿ ಮುಚ್ಚುತ್ತಿದ್ದೆ.

ಮಕ್ಕಳ ಕಾಯಿಲೆ ಅಂತ ಅಲ್ಲಿಗೆ ಹೊರಟ ಊರಿನ ಹೆಂಗಸರು ನನ್ನನ್ನು ಕೇಳಲು ಬರುತ್ತಿದ್ದರು, ಒಪ್ಪೊತ್ತು ಹೇಗೆ ಇದ್ದೆ ಅಂತ. ಅದಕ್ಕೆ ಉತ್ತರ ಕೊಡುತ್ತಿರಲಿಲ್ಲ. ಮೂಟೆ ಇಳಿಸುವ ಮುಂಚೆ ಮಕ್ಕಳ ಹೆಸರಲ್ಲೇ ಒಂದು ಎಲೆ ಮಾತಾಡಿಕೊ, ಕಡೇ ಪಂಕ್ತಿಯಲ್ಲಿ ಕೂತುಕೊ, ಹೊಟ್ಟೆ ತುಂಬ ಉಣ್ಣು ಅಂತ ಹೇಳಿ ಕಳಿಸುತ್ತಿದ್ದೆ.