ಟಾಕಿಯೊಳಗಿನ ಗೆರೆ

ಹೋದ ವಾರ ಲಿಂಗಸುಗೂರಿನ ಅಂಗಡಿಯೊಂದರಲ್ಲಿ ನೀರಿನ ಟಾಕಿಯೊಳಗೆ ತಲೆ ಹಾಕಿದೆ. ಹೊಸ ಪ್ಲಾಸ್ಟಿಕ್ಕಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. "ಯಾಕ್ರೀ ಅಣ್ಣಾರ, ಒಳಗ ಯಾರರ ಅದಾರೇನು?" ಎಂದ ಅಂಗಡಿಯವನು. ನಗಲು ಹೋಗಿ ಟಾಕಿಯ ಬಾಯಿಗೆ ತಲೆ ಬಡಿಸಿಕೊಂಡೆ. ಆ ವಾಸನೆಗೆ ನನಗೆ ಕಾಕಾ ನೆನಪಾಗಿದ್ದ...

ಕಾಕಾ ಎಂದರೆ ನೆಂಟನಲ್ಲ. ಸಿಂಧನೂರಿನ ಬಸ್ ನಿಲ್ದಾಣದ ಹತ್ತಿರ ಕೊಡ, ಬಕೆಟ್, ಪೈಪು, ಟಾಕಿ ಮಾರುತ್ತಿದ್ದ. ನಮ್ಮೂರು ಗೊರೇಬಾಳಕ್ಕೆ ಹೋಗಲು ಆಟೋ ಕಾಯುವ ನೆಪದಲ್ಲಿ ನಾನು ಅಲ್ಲಿ ಕೂರುತ್ತಿದ್ದೆ. ಡಿಗ್ರಿಯಲ್ಲಿ ಎರಡು ಸಲ ಫೇಲಾಗಿ, ಮೂರನೆಯ ಸಲಕ್ಕೂ ಅದೇ ತಯಾರಿ ನಡೆಸಿದ್ದ ನನ್ನ ತಲೆಗೆ ಏನಾದರೂ ಹತ್ತುವಂತೆ ಕಲಿಸಿದವನು ಅವನೊಬ್ಬನೇ.

ಯಾವುದನ್ನೇ ಆಗಲಿ ಮೊದಲು ಮಗುಚಿ ನೋಡಬೇಕು ಅನ್ನುತ್ತಿದ್ದ. ಬಕೆಟ್ಟಿನ ತಳದ ನಡುವೆ ಹೊಕ್ಕುಳದಂಥ ಚುಕ್ಕಿ ಇರುತ್ತದೆ. ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಒತ್ತಿ ತುಂಬಿದ ತೂತಿನ ಗುರುತು ಅದು. ಎಣ್ಣೆ ಕ್ಯಾನಿನ ಎರಡೂ ಬದಿಗೆ ಗೆರೆ: ಬಿಸಿ ಕೊಳವೆಯನ್ನು ಎರಡು ಹೋಳಿನ ಅಚ್ಚಿನ ನಡುವೆ ಹಿಡಿದು ಬಲೂನಿನಂತೆ ಊದಿದ್ದು. ಪೈಪು ಶಾವಿಗೆಯಂತೆ ಒತ್ತಿ ತೆಗೆದದ್ದು. ಒಳ್ಳೆಯ ಟಾಕಿಗೆ ಮಾತ್ರ ಅಚ್ಚಿನೊಳಗೆ ಪುಡಿ ಹಾಕಿ, ಅಚ್ಚನ್ನೇ ಬೆಂಕಿಯಲ್ಲಿ ಎಲ್ಲ ಕಡೆ ಹೊರಳಿಸುತ್ತಾರೆ. ಪುಡಿ ಕರಗಿ ಗೋಡೆಗೆ ಹತ್ತುತ್ತದೆ, ಗೆರೆಯೇ ಇರುವುದಿಲ್ಲ.

"ಊದಿದ್ದು ಕೆಟ್ಟದ್ದಲ್ಲೋ. ಆದ್ರ ಕಮ್ಮಿ ಮಾಲು ಹಾಕಿ ಊದಿದ್ರ ತೆಳ್ಳಗಾಕ್ಕೈತಿ. ಬ್ಯಾಸಗಿ ನೀರು ಅದರಾಗ ಇಡಬ್ಯಾಡ."

ಈ ವಿದ್ಯೆ ನನಗೆ ರೋಗದಂತೆ ಅಂಟಿತು. ಮಸ್ಕಿಗೆ ಹೆಣ್ಣು ನೋಡಲು ಹೋದಾಗ, ಚುಕ್ಕಿ ಇದೆಯೋ ನೋಡಲೆಂದು ಜಗ್ ಮಗುಚಿದೆ. ಅದರಲ್ಲಿ ನೀರಿತ್ತು. ಹೆಣ್ಣಿನ ಅಪ್ಪನ ಧೋತರದಲ್ಲಿ ಭತ್ತ ನಾಟಿ ಮಾಡಬಹುದಿತ್ತು. ಸಂಬಂಧ ಅಲ್ಲಿಗೇ ಮುಗಿಯಿತು. ಕಾಕಾ ಪೂರ್ತಿ ಕೇಳಿಸಿಕೊಂಡು, "ಚುಕ್ಕಿ ಇತ್ತೇನಲೇ?" ಎಂದು ಕಣ್ಣಲ್ಲಿ ನೀರು ಬರುವಂತೆ ನಕ್ಕ.

ಆ ವರ್ಷ ಕಾಲುವೆ ನೀರು ಬಂದ್ ಆಗುವ ಮುಂಚೆ ಕುಡಿಯುವ ನೀರು ತುಂಬಿಡಲು ಕಾಕಾನ ಹತ್ತಿರವೇ ಟಾಕಿ ಕೊಂಡೆ. ಅಂಗಡಿಯಲ್ಲೇ ಅದರೊಳಗೆ ಬಗ್ಗಿ ನೋಡಲು ಹೋದಾಗ ಕಾಕಾ ಭುಜ ಹಿಡಿದ. "ನನ್ನ ಅಂಗಡ್ಯಾಗೂ ನೋಡ್ತೀಯೇನಲೇ?" ನನಗೇ ನಾಚಿಕೆಯಾಗಿ ನೋಡುವುದನ್ನು ಬಿಟ್ಟೆ. ಮನೆಗೆ ಬಂದು, ಅವ್ವ ಬೇಡ ಬೇಡವೆಂದರೂ, ಜಾಗ ಬೇಕೆಂದು ಹಳೆಯ ಸಿಮೆಂಟ್ ತೊಟ್ಟಿಯನ್ನು ಒಡೆದು ಹಾಕಿದೆ. ಅದನ್ನು ಒಡೆಯಲು ನನಗೆ ಅರ್ಧ ದಿನ ಹಿಡಿಯಿತು. ಅಷ್ಟು ಗಟ್ಟಿಯಿತ್ತು.

ಕಾಲುವೆ ಬಂದ್ ಆದ ಮೂರನೆಯ ದಿನ ಬೆಳಿಗ್ಗೆ ಟಾಕಿ ಬದಿಯುದ್ದಕ್ಕೂ ಸೀಳಿತು. ತಿಂಗಳ ನೀರು ಓಣಿ ಹಿಡಿದು ಹೋಯಿತು. ಅವ್ವ ಕೊಡ ಒಡ್ಡಿದಳು, ತಂಬಿಗೆ ಒಡ್ಡಿದಳು, ಕೊನೆಗೆ ಬೊಗಸೆ ಒಡ್ಡಿದಳು. ಸೀಳಿನೊಳಗೆ ಕೈ ಹಾಕಿದರೆ ಬೆರಳಿಗೆ ಗೆರೆ ಸಿಕ್ಕಿತು... ಹೊರಗಿನ ಗೆರೆಯನ್ನು ಕೆರೆದು, ಮೇಲೆ ಉದ್ದನೆಯ ಸ್ಟಿಕರ್ ಹಚ್ಚಿದ್ದರು. ಆ ಬೇಸಿಗೆಯೆಲ್ಲ ಅವ್ವ ಕಂಡವರ ಮನೆಯಿಂದ ನೀರು ಹೊತ್ತಳು.

ಒಂದು ತುಂಡು ಕತ್ತರಿಸಿಕೊಂಡು ಸಿಂಧನೂರಿಗೆ ಹೋದೆ. ದಾರಿಯುದ್ದಕ್ಕೂ ಬೈಗುಳ ಬಾಯಿಪಾಠ ಮಾಡಿದ್ದೆ. ಪರೀಕ್ಷೆಗೆ ಅಷ್ಟು ಓದಿದ್ದರೆ ಪಾಸಾಗುತ್ತಿದ್ದೆ. ಕಾಕಾ ತುಂಡನ್ನು ಮಗುಚಿದ, ಗೆರೆಯ ಮೇಲೆ ಬೆರಳಾಡಿಸಿದ. ಗೊತ್ತಿರಲಿಲ್ಲ ಅನ್ನಲಿಲ್ಲ.

"ನಿನಗ ಕಲಿಸಿದ್ನಲ್ಲೋ. ಯಾಕ ನೋಡಲಿಲ್ಲ?"

ಬಾಯಿಪಾಠವೆಲ್ಲ ಮರೆತುಹೋಯಿತು. ಹೊರಡುವಾಗ ರೂಢಿಯಂತೆ "ಬರ್ತೀನಿ ಕಾಕಾ" ಎಂದುಬಿಟ್ಟೆ, ಮಂಗ್ಯಾ ನಾನು. ಮತ್ತೆ ಹೋಗಲಿಲ್ಲ. ಈಗ ಅಲ್ಲಿ ಮೊಬೈಲ್ ಅಂಗಡಿಯಿದೆ. ಕಾಕಾ ತೀರಿಕೊಂಡು ಎರಡು ವರ್ಷವಾಯಿತಂತೆ... ನನಗೆ ಹೋದ ತಿಂಗಳು ಗೊತ್ತಾಯಿತು.

ಲಿಂಗಸುಗೂರಿನ ಟಾಕಿಯಲ್ಲಿ ಗೆರೆ ಇರಲಿಲ್ಲ. ಎರಡು ಸಲ ಬೆರಳಾಡಿಸಿ ನೋಡಿದೆ. ತಲೆ ಹೊರತೆಗೆಯುವ ಮುನ್ನ, ಅಂಗಡಿಯವನಿಗೆ ಕೇಳದಷ್ಟು ಮೆಲ್ಲಗೆ ಅಂದೆ:

"ನೀ ಕೊಟ್ಟಿದ್ದಿಯಲ್ಲ ಕಾಕಾ, ಅದಕ್ಕ ನೋಡಲಿಲ್ಲ."